ತಿಗರಿ ತಿರುಗುವ ಬಗೆ, ಮಣ್ಣು ಗಡಿಗೆಯಾಗುವ ಬಗೆ

ಪ್ರಥಮ ಪಿಯುಸಿ ಭೌತಶಾಸ್ತ್ರ ಪುಸ್ತಕದಲ್ಲಿ, ಸ್ಥಿರ ಅಕ್ಷದ ಸುತ್ತ ತಿರುಗುವ ವಸ್ತುಗಳಿಗೆ ಉದಾಹರಣೆಯಾಗಿ ಎರಡು ಚಿತ್ರಗಳಿವೆ. ಒಂದು ಸೀಲಿಂಗ್ ಫ್ಯಾನ್, ಇನ್ನೊಂದು ಕುಂಬಾರನ ತಿಗರಿ. ಫ್ಯಾನ್ ದಿನವೂ ನಮ್ಮ ತಲೆಯ ಮೇಲೆಯೇ ತಿರುಗುತ್ತದೆ. ತಿಗರಿ ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ಬರೀ ಚಿತ್ರ. ನಮ್ಮ ಕಾಲೇಜಿನಿಂದ ಹತ್ತು ನಿಮಿಷ ನಡೆದರೆ ಕುಂಬಾರ ಓಣಿ ಸಿಗುತ್ತದೆ. ಹಿಂದೆ ಅಲ್ಲಿ ಮನೆಮನೆಯಲ್ಲೂ ತಿಗರಿ ತಿರುಗುತ್ತಿತ್ತಂತೆ. ಈಗ ತಿರುಗುವುದು ಒಂದೇ ಮನೆಯಲ್ಲಿ. ದಸರಾ ರಜೆಯಲ್ಲಿ ನಾನು ಹನ್ನೆರಡು ದಿನ ಆ ಮನೆಗೆ ಹೋಗಿ ಬಂದೆ. ಅಲ್ಲಿನ ಹಿರಿಯರನ್ನು ಓಣಿಯ ಹುಡುಗರೆಲ್ಲ ಕಾಕಾ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಅಲ್ಲಿ ಕಂಡದ್ದನ್ನೂ ಕೈಯಿಂದ ಮಾಡಿದ್ದನ್ನೂ ನಮ್ಮ ಪಾಠದ ಜೊತೆಗೆ ಸೇರಿಸಿ ಇಲ್ಲಿ ವಿವರಿಸುತ್ತೇನೆ. ಕಲಾ ಮತ್ತು ವಾಣಿಜ್ಯ ವಿಭಾಗದ ಸ್ನೇಹಿತರು ಲೆಕ್ಕದ ಸಾಲುಗಳನ್ನು ಬಿಟ್ಟು ಓದಿದರೂ ಅಡ್ಡಿಯಿಲ್ಲ.

ತಿಗರಿಯ ರಚನೆ

ತಿಗರಿ ನೋಡಲು ಬಹಳ ಸರಳ. ನೆಲದಲ್ಲಿ ಗಟ್ಟಿ ಮರದ ಗೂಟವೊಂದನ್ನು ಹುಗಿದಿರುತ್ತಾರೆ, ಅದರ ತುದಿ ಚೂಪಾಗಿರುತ್ತದೆ. ಚಕ್ರದ ಅಡಿಯಲ್ಲಿ ನಡುಮಧ್ಯಕ್ಕೆ ಗುಳಿ ಇರುವ ಒಂದು ಕಲ್ಲು. ಆ ಗುಳಿ ಗೂಟದ ತುದಿಯ ಮೇಲೆ ಕೂರುತ್ತದೆ. ಒಂದು ತೊಟ್ಟು ಎಣ್ಣೆ ಬಿಟ್ಟರೆ ಮುಗಿಯಿತು. ಇಡೀ ಚಕ್ರದ ಭಾರ ಒಂದು ಸಣ್ಣ ಬಿಂದುವಿನ ಮೇಲೆ ನಿಲ್ಲುವುದರಿಂದ ಉಜ್ಜುವ ಜಾಗ ಅಕ್ಷಕ್ಕೆ ತೀರಾ ಹತ್ತಿರ ಇರುತ್ತದೆ. ಹಾಗಾಗಿ ಘರ್ಷಣೆ ಇದ್ದರೂ ಅದು ಚಕ್ರವನ್ನು ತಡೆಯುವ ಶಕ್ತಿ, ಅಂದರೆ ಅದರ ಟಾರ್ಕ್, ಬಹಳ ಕಡಿಮೆ.

ಚಕ್ರದ ಅಂಚಿನ ಹತ್ತಿರ ಒಂದು ಸಣ್ಣ ಗುಳಿ ಇರುತ್ತದೆ. ಕಾಕಾ ಅದರೊಳಗೆ ಕೋಲಿನ ತುದಿ ಇಟ್ಟು, ನಿಂತುಕೊಂಡೇ ಜೋರಾಗಿ ಕೆಲವು ಸುತ್ತು ತಿರುವುತ್ತಾರೆ. ಕೋಲು ತೆಗೆದು ಕೂತರೆ ಒಂದು ಸಣ್ಣ ಪಾತ್ರೆ ಮುಗಿಯುವಷ್ಟು ಹೊತ್ತು ತಿಗರಿ ತಾನಾಗಿಯೇ ತಿರುಗುತ್ತದೆ. ಅಂಚಿನಲ್ಲಿ ಕೋಲು ಇಡುವುದಕ್ಕೂ ಕಾರಣವಿದೆ. ಬಾಗಿಲನ್ನು ಹಿಡಿಕೆಯ ಕಡೆಯಿಂದ ತಳ್ಳಿದರೆ ಸುಲಭ, ಕೀಲಿನ ಕಡೆಯಿಂದ ತಳ್ಳಿದರೆ ಕಷ್ಟ. ಇಲ್ಲಿಯೂ ಅದೇ ನಿಯಮ.

ಭಾರವೆಲ್ಲ ಅಂಚಿನಲ್ಲಿ ಏಕೆ?

ಹಳೆಯ ತಿಗರಿಗಳನ್ನು ಗಮನಿಸಿದರೆ ನಡುಭಾಗ ತೆಳು, ಅಂಚು ದಪ್ಪ. ಬಂಡಿಯ ಗಾಲಿಯಂಥ ಮರದ ಚೌಕಟ್ಟಿಗೆ ಸುತ್ತಲೂ ನಾರು ಬೆರೆಸಿದ ಮಣ್ಣನ್ನು ಮೆತ್ತಿ ಅಂಚನ್ನು ಭಾರ ಮಾಡುತ್ತಿದ್ದರು. ಈಗ ಕೆಲವರು ಸಿಮೆಂಟಿನಿಂದ ಮಾಡಿಕೊಳ್ಳುತ್ತಾರೆ. ಅದರ ಹಿಂದೆ ಇರುವುದು ನಾವು ಓದಿದ ಜಡತ್ವ ಮಹತ್ವ, ಅಂದರೆ ಮೊಮೆಂಟ್ ಆಫ್ ಇನರ್ಷಿಯಾ.

ಒಂದು ಲೆಕ್ಕ ಮಾಡೋಣ. ತಿಗರಿಯ ತೂಕ 40 ಕಿಲೋ, ತ್ರಿಜ್ಯ 45 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ತೂಕ ಎಲ್ಲೆಡೆ ಸಮನಾಗಿ ಹರಡಿದ ಬಿಲ್ಲೆಯಾದರೆ ಅದರ ಜಡತ್ವ ಮಹತ್ವ ಸುಮಾರು 4 ಕಿಲೋಗ್ರಾಂ ಮೀಟರ್ ವರ್ಗ. ಅದೇ 40 ಕಿಲೋ ಪೂರ್ತಿ ಅಂಚಿನಲ್ಲೇ ಇದ್ದರೆ ಸುಮಾರು 8. ತೂಕ ಅಷ್ಟೇ ಇದ್ದರೂ ತಿರುಗುತ್ತಲೇ ಇರುವ ಗುಣ ಇಮ್ಮಡಿಯಾಯಿತು. ಈ ಚಕ್ರ ನಿಮಿಷಕ್ಕೆ 100 ಸುತ್ತು ತಿರುಗುವಾಗ ಅದರಲ್ಲಿ ಸುಮಾರು 440 ಜೌಲ್ ಶಕ್ತಿ ಕೂಡಿಟ್ಟಿರುತ್ತದೆ. 45 ಕಿಲೋ ತೂಕದ ಹುಡುಗನನ್ನು ಒಂದು ಮೀಟರ್ ಮೇಲೆತ್ತಲು ಬೇಕಾಗುವಷ್ಟು ಶಕ್ತಿ ಇದು. ಕಾಕಾ ಕೋಲಿನಿಂದ ಅರೆ ನಿಮಿಷದಲ್ಲಿ ತುಂಬಿದ ಈ ಶಕ್ತಿಯನ್ನು ತಿಗರಿ ಮುಂದಿನ ಕೆಲವು ನಿಮಿಷ ಸ್ವಲ್ಪ ಸ್ವಲ್ಪವಾಗಿ ಕೈಗೂ ಮಣ್ಣಿಗೂ ಕೊಡುತ್ತಾ ಹೋಗುತ್ತದೆ. ಒಂದು ರೀತಿಯಲ್ಲಿ ಅದು ಮಣ್ಣು ಮೆತ್ತಿದ ಬ್ಯಾಟರಿ.

ನಡುವೆ ಇಡುವ ಮಣ್ಣಿನ ಮುದ್ದೆ ಇದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. 3 ಕಿಲೋ ಮಣ್ಣು 10 ಸೆಂಟಿಮೀಟರ್ ತ್ರಿಜ್ಯದಲ್ಲಿ ಕೂತಿದ್ದರೆ ಅದರ ಜಡತ್ವ ಮಹತ್ವ ಚಕ್ರದ್ದಕ್ಕಿಂತ 500 ಪಟ್ಟು ಕಡಿಮೆ. ಆದ್ದರಿಂದ ಮಣ್ಣಿನ ಭಾರದಿಂದ ತಿಗರಿ ನಿಧಾನವಾಗುವುದಿಲ್ಲ, ಕೈ ಒತ್ತುವ ಘರ್ಷಣೆಯಿಂದ ನಿಧಾನವಾಗುತ್ತದೆ. ಕಲಿತವರು ಕಡಿಮೆ ಒತ್ತಿ ಹೆಚ್ಚು ಕೆಲಸ ತೆಗೆಯುತ್ತಾರೆ.

ಈಗ ವಿದ್ಯುತ್ ತಿಗರಿಗಳು ಬಂದಿವೆ. ಮೋಟಾರ್ ಇರುವುದರಿಂದ ಭಾರವಾದ ಅಂಚು ಬೇಕಿಲ್ಲ, ಕಾಲಿನ ಪೆಡಲ್ ಒತ್ತಿ ವೇಗವನ್ನು ಹೆಚ್ಚು ಕಡಿಮೆ ಮಾಡಬಹುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಶುರು ಮಾಡಿದ ಕುಂಬಾರರ ಸಶಕ್ತೀಕರಣ ಯೋಜನೆಯಲ್ಲಿ ಇಂಥ ತಿಗರಿಗಳನ್ನು ಹಂಚಲಾಗುತ್ತಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಅದೇ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವೂ ಇದೆ. ಸೊಂಟ ಬಗ್ಗಿಸಿ ಕೋಲು ತಿರುವುವ ಕಷ್ಟ ಇದರಿಂದ ತಪ್ಪುತ್ತದೆ. ಆದರೆ ಕೋಲಿನ ತಿಗರಿಗೆ ಒಂದು ಜಾಣತನ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮಣ್ಣು

ತಿಗರಿಯ ಮುಂದೆ ಕೂರುವುದಕ್ಕಿಂತ ಮುಂಚೆಯೇ ಅರ್ಧ ಕೆಲಸ ಮುಗಿದಿರಬೇಕು. ಕೆರೆಯ ಜೇಡಿಮಣ್ಣನ್ನು ತಂದು ಒಣಗಿಸಿ, ಕುಟ್ಟಿ, ಕಲ್ಲು ಬೇರು ಆರಿಸಿ, ನೀರಿನಲ್ಲಿ ನೆನೆಹಾಕುತ್ತಾರೆ. ಬಳಿಕ ಮರಳು, ಬೂದಿ ಅಥವಾ ಲದ್ದಿ ಬೆರೆಸಿ ಕಾಲಿನಿಂದ ತುಳಿಯುತ್ತಾರೆ, ಕೊನೆಗೆ ಕೈಯಿಂದ ನಾದುತ್ತಾರೆ. ನಮ್ಮ ಅಮ್ಮಂದಿರು ರೊಟ್ಟಿ ಹಿಟ್ಟು ನಾದುವ ಹಾಗೆಯೇ, ಆದರೆ ಇನ್ನೂ ಹೆಚ್ಚು ಹೊತ್ತು.

ಜೇಡಿಮಣ್ಣು ಬೇರೆ ಮಣ್ಣಿನಂತಲ್ಲ. ಅದರ ಕಣಗಳು ಚಪ್ಪಟೆಯಾದ ಬಿಲ್ಲೆಗಳು. ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ, ಜಲಜನಕ ಸೇರಿ ಆದ ಈ ಬಿಲ್ಲೆಗಳು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತಲೂ ಚಿಕ್ಕವು. ನಡುವೆ ನೀರಿನ ತೆಳುವಾದ ಪದರ ಇರುವುದರಿಂದ ಒಂದರ ಮೇಲೊಂದು ಜಾರುತ್ತವೆ, ಆದರೆ ಬಿಟ್ಟು ಹೋಗುವುದಿಲ್ಲ. ಎರಡು ಗಾಜಿನ ತುಂಡುಗಳ ನಡುವೆ ನೀರು ಹಾಕಿ ನೋಡಿ: ಜಾರಿಸಬಹುದು, ಎಳೆದು ಬೇರ್ಪಡಿಸುವುದು ಕಷ್ಟ. ಒತ್ತಿದ ಆಕಾರಕ್ಕೆ ಬಂದು, ಕೈ ತೆಗೆದ ಮೇಲೂ ಹಾಗೇ ನಿಲ್ಲುವ ಗುಣ ಬಂದದ್ದು ಹೀಗೆ. ಮರಳಿಗೆ ಈ ಗುಣ ಇಲ್ಲ, ಅದಕ್ಕೇ ಮರಳಿನ ಗಡಿಗೆ ಆಗುವುದಿಲ್ಲ. ಆದರೂ ಮರಳನ್ನು ಬೆರೆಸುವುದೇಕೆಂದರೆ, ಬರೀ ಜೇಡಿ ಒಣಗುವಾಗ ಬಹಳ ಕುಗ್ಗಿ ಬಿರಿಯುತ್ತದೆ. ಮರಳಿನ ಕಾಳು ಕುಗ್ಗುವುದಿಲ್ಲ, ಅದು ಒಳಗಿನ ಅಸ್ಥಿಪಂಜರದ ಹಾಗೆ ಮಣ್ಣನ್ನು ಹಿಡಿದಿಡುತ್ತದೆ.

ಹದ ನೋಡುವ ಉಪಾಯ ಸುಲಭ. ಬೆರಳಿನಷ್ಟು ದಪ್ಪದ ಬತ್ತಿ ಹೊಸೆದು ಬಗ್ಗಿಸಬೇಕು. ಬಿರುಕು ಬಿಟ್ಟರೆ ನೀರು ಕಡಿಮೆ, ಕೈಗೆ ಅಂಟಿದರೆ ನೀರು ಹೆಚ್ಚು, ಬಳ್ಳಿಯಂತೆ ಬಗ್ಗಿದರೆ ಹದ ಸರಿ.

ತಿಗರಿಯ ಮೇಲೆ ಐದು ಹಂತ

ಒಂದು, ನಡುವಿಗೆ ತರುವುದು. ಮುದ್ದೆಯನ್ನು ತಿಗರಿಯ ನಡುವೆ ಬಡಿದು ಕೂರಿಸಿ, ಕೈ ಒದ್ದೆ ಮಾಡಿಕೊಂಡು, ತಿರುಗುತ್ತಿರುವಾಗ ಎರಡೂ ಕೈಗಳಿಂದ ಒತ್ತಬೇಕು. ಮೊಣಕೈಗಳು ತೊಡೆಗೋ ಪಕ್ಕೆಗೋ ಆನಿಸಿಕೊಂಡಿರಬೇಕು. ಎಡಗೈ ಪಕ್ಕದಿಂದ ಒತ್ತುತ್ತದೆ, ಬಲಗೈ ಮೇಲಿನಿಂದ. ಮೊದಲ ದಿನ ಕಾಕಾ ಹೇಳಿದ ಮಾತು ಇದು: “ತಮ್ಮಾ, ಮಣ್ಣ ನಿನ್ನ ಕೈಯಾಗ ತಿರಗಬೇಕು, ನಿನ್ನ ಕೈ ಮಣ್ಣಿನ ಸಂಗಡ ತಿರಗಬಾರದು.” ಇದಕ್ಕಿಂತ ಚೆನ್ನಾಗಿ ಈ ಹಂತವನ್ನು ವಿವರಿಸಲು ನನಗೆ ಬರುವುದಿಲ್ಲ. ಕೈ ಗೋಡೆಯಂತೆ ಅಲುಗದೆ ನಿಂತರೆ, ಉಬ್ಬಿದ ಕಡೆ ಬಂದಾಗಲೆಲ್ಲ ಅದು ಒಳಕ್ಕೆ ತಳ್ಳಲ್ಪಟ್ಟು, ಕೆಲವು ಸುತ್ತುಗಳಲ್ಲಿ ಮುದ್ದೆಯ ದ್ರವ್ಯರಾಶಿ ಕೇಂದ್ರ ಅಕ್ಷದ ಮೇಲೆ ಬರುತ್ತದೆ.

ನಡುವಿಗೆ ಬಾರದಿದ್ದರೆ ಏನಾಗುತ್ತದೆ? 2 ಕಿಲೋ ಮಣ್ಣಿನ ಕೇಂದ್ರ ಒಂದೇ ಒಂದು ಸೆಂಟಿಮೀಟರ್ ಆಚೆ ಇದ್ದರೂ ನಿಮಿಷಕ್ಕೆ 100 ಸುತ್ತಿನಲ್ಲಿ ಅದು ಸುಮಾರು 2.2 ನ್ಯೂಟನ್ ಬಲದಿಂದ ಕೈಯನ್ನು ಸುತ್ತಿಗೊಮ್ಮೆ ಗುದ್ದುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಮುಂದೆ ಗೋಡೆ ಎತ್ತುವಾಗ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿ, ತೆಳುವಾದ ಕಡೆ ಕುಸಿಯುತ್ತದೆ. ಆದ್ದರಿಂದ ಕಣ್ಣು ಮುಚ್ಚಿ ಬೆರಳು ಇಟ್ಟರೂ ಅಲುಗಾಟ ತಿಳಿಯಬಾರದು, ಅಲ್ಲಿಯವರೆಗೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ.

ಎರಡು, ಬಾಯಿ ತೆರೆಯುವುದು. ಹೆಬ್ಬೆರಳನ್ನು ನಡುಮಧ್ಯಕ್ಕೆ ಇಳಿಸಬೇಕು. ತಳಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಣ್ಣು ಉಳಿಸಿ ನಿಲ್ಲಿಸಬೇಕು. ದಬ್ಬಣ ಚುಚ್ಚಿ ನೋಡಿದರೆ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಆ ಮೇಲೆ ಬೆರಳನ್ನು ಮೆಲ್ಲಗೆ ಹೊರಕ್ಕೆ ಎಳೆದರೆ ಬಟ್ಟಲಿನ ಆಕಾರ ಬರುತ್ತದೆ. ತಳವನ್ನು ಬೆರಳಿನಿಂದ ಒತ್ತಿ ಗಟ್ಟಿ ಮಾಡದಿದ್ದರೆ ಒಣಗುವಾಗ ಅಲ್ಲಿ ಬಿರುಕು ಬರುತ್ತದೆ.

ಮೂರು, ಗೋಡೆ ಎತ್ತುವುದು. ಎಡಗೈ ಬೆರಳು ಒಳಗೆ, ಬಲಗೈ ಬೆರಳು ಹೊರಗೆ, ಎರಡೂ ಎದುರುಬದುರು. ನಡುವಿನ ಸಂದು ಗೋಡೆಯ ದಪ್ಪಕ್ಕಿಂತ ಸ್ವಲ್ಪ ಕಿರಿದು. ಮಣ್ಣಿನ ಗಾತ್ರ ಕಡಿಮೆಯಾಗುವಂತಿಲ್ಲ, ಒಳಗೂ ಹೊರಗೂ ಬೆರಳಿನ ತಡೆ ಇದೆ, ಹಾಗಾಗಿ ಅದು ಮೇಲಕ್ಕೆ ಏರಲೇಬೇಕು. ಕೈ ಮಣ್ಣನ್ನು ಎಳೆಯುವುದಿಲ್ಲ, ದಾರಿ ಮಾತ್ರ ತೋರಿಸುತ್ತದೆ. ಬೆರಳು ಏರುವ ವೇಗಕ್ಕೂ ಚಕ್ರದ ವೇಗಕ್ಕೂ ತಾಳ ಕೂಡಬೇಕು. ಒಂದು ಸುತ್ತಿಗೆ ಒಂದು ಸೆಂಟಿಮೀಟರ್ ಏರಿದರೆ 20 ಸೆಂಟಿಮೀಟರ್ ಗೋಡೆಗೆ 20 ಸುತ್ತು, ಅಂದರೆ ನಿಮಿಷಕ್ಕೆ 100 ಸುತ್ತಿನ ವೇಗದಲ್ಲಿ 12 ಸೆಕೆಂಡು. ಅದಕ್ಕಿಂತ ಬೇಗ ಕೈ ಎತ್ತಿದರೆ ಗೋಡೆಯಲ್ಲಿ ಸ್ಕ್ರೂ ಮರೆಯಂತೆ ಏರುತಗ್ಗು ಉಳಿಯುತ್ತದೆ. ಒಂದೇ ಸಲಕ್ಕೆ ಪೂರ್ತಿ ಎತ್ತುವುದಿಲ್ಲ. ಮೂರು ನಾಲ್ಕು ಸಲ ಕೆಳಗಿನಿಂದ ಮೇಲಕ್ಕೆ ಹೋಗುತ್ತಾರೆ.

ನಾಲ್ಕು, ಆಕಾರ ಕೊಡುವುದು. ಒಳಗಿನ ಬೆರಳು ಹೆಚ್ಚು ಒತ್ತಿದರೆ ಹೊಟ್ಟೆ ಉಬ್ಬುತ್ತದೆ, ಹೊರಗಿನ ಕೈ ಒತ್ತಿದರೆ ಕುತ್ತಿಗೆ ಕಿರಿದಾಗುತ್ತದೆ. ಕೋಲಿನ ತಿಗರಿಯ ಜಾಣತನ ಇರುವುದು ಇಲ್ಲಿ. ಅಂಚಿನ ವೇಗ ತ್ರಿಜ್ಯದ ಜೊತೆ ಹೆಚ್ಚುತ್ತದೆ. ನಿಮಿಷಕ್ಕೆ 100 ಸುತ್ತಿನಲ್ಲಿ 5 ಸೆಂಟಿಮೀಟರ್ ತ್ರಿಜ್ಯದ ಮುದ್ದೆಯ ಅಂಚು ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ, 15 ಸೆಂಟಿಮೀಟರಿನ ಬಾಯಿ ಒಂದೂವರೆ ಮೀಟರ್ ಓಡುತ್ತದೆ. ಪಾತ್ರೆ ಅಗಲವಾದಷ್ಟೂ ವೇಗ ತಗ್ಗಬೇಕು, ಇಲ್ಲದಿದ್ದರೆ ಬಾಯಿ ಹರಿದು ಚೆಲ್ಲಾಡುತ್ತದೆ. ಕೋಲಿನಿಂದ ತಿರುವಿದ ತಿಗರಿ ಶುರುವಿನಲ್ಲಿ, ಮುದ್ದೆಯನ್ನು ನಡುವಿಗೆ ತರುವಾಗ, ಎಲ್ಲಕ್ಕಿಂತ ವೇಗವಾಗಿರುತ್ತದೆ. ಕೊನೆಯಲ್ಲಿ, ತುಟಿ ತಿದ್ದುವಾಗ, ತಾನಾಗಿಯೇ ನಿಧಾನವಾಗಿರುತ್ತದೆ. ವಿದ್ಯುತ್ ತಿಗರಿಯಲ್ಲಿ ಇದನ್ನು ಪೆಡಲ್ ಮೇಲಿನ ಕಾಲು ನೆನಪಿಟ್ಟು ಮಾಡಬೇಕು.

ಐದು, ಕೊಯ್ದು ತೆಗೆಯುವುದು. ಒದ್ದೆ ದಾರವನ್ನು ತಳದಲ್ಲಿ ಹಾಯಿಸಿ ಎಳೆದರೆ ಪಾತ್ರೆ ಬಿಡಿಸಿಕೊಳ್ಳುತ್ತದೆ. ಹಣತೆ, ಕುಡಿಕೆಯಂಥ ಸಣ್ಣವನ್ನು ಮಾಡುವಾಗ ಕಾಕಾ ದೊಡ್ಡ ಮುದ್ದೆಯೊಂದನ್ನೇ ಗೋಪುರದಂತೆ ಕೂರಿಸಿ, ಅದರ ತುದಿಯಲ್ಲಿ ಒಂದೊಂದೇ ಮಾಡಿ ಕೊಯ್ಯುತ್ತಾರೆ. ಪ್ರತಿ ಸಲ ಹೊಸ ಮುದ್ದೆ ನಡುವಿಗೆ ತರುವ ಕೆಲಸ ಉಳಿಯುತ್ತದೆ.

ತಿಗರಿಯಿಂದ ಇಳಿದ ಮೇಲೆ

ನೀರಿನ ಗಡಿಗೆಯ ದುಂಡು ತಳ ತಿಗರಿಯ ಮೇಲೆ ಆಗುವುದಿಲ್ಲ. ಇದು ನನಗೆ ಹೊಸ ವಿಷಯ. ತಿಗರಿಯಿಂದ ಇಳಿಯುವಾಗ ಗಡಿಗೆಯ ತಳ ಚಪ್ಪಟೆ, ಗೋಡೆ ದಪ್ಪ. ಸ್ವಲ್ಪ ಆರಿದ ಮೇಲೆ ಒಳಗೆ ದುಂಡು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ ಗೋಡೆಯನ್ನು ತೆಳು ಮಾಡಿ ತಳವನ್ನು ದುಂಡಾಗಿಸುತ್ತಾರೆ. ಕಾಕಾ ಮನೆಯಲ್ಲಿ ಈ ಕೆಲಸ ಕಾಕಿಯದು. ಅವರು ಮಾತಾಡುತ್ತಲೇ ತಟ್ಟುತ್ತಾರೆ, ಸದ್ದು ಬದಲಾದ ಕೂಡಲೇ ಕೈ ಬೇರೆ ಜಾಗಕ್ಕೆ ಹೋಗುತ್ತದೆ. ದಪ್ಪ ಇರುವ ಕಡೆ ಒಂದು ಸದ್ದು, ತೆಳು ಇರುವ ಕಡೆ ಇನ್ನೊಂದು. ಗಡಿಗೆ ಬಾರಿಸಿ ಶಿವನನ್ನೇ ಕುಣಿಸಿದ ಭಕ್ತನ ಕತೆಯನ್ನು ಹರಿಹರ ಕವಿ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಹೇಳಿದ್ದಾನೆ. ಆ ಕತೆ ಕುಂಬಾರನ ಮನೆಯಲ್ಲೇ ಏಕೆ ಹುಟ್ಟಿತು ಎಂಬುದು ಕಾಕಿಯ ಪಕ್ಕ ಕೂತಾಗ ಅರ್ಥವಾಗುತ್ತದೆ.

ಆಮೇಲೆ ನೆರಳಿನಲ್ಲಿ ಒಣಗಿಸುವುದು. ಬಿಲ್ಲೆಗಳ ನಡುವಿನ ನೀರು ಹೋದಂತೆ ಅವು ಹತ್ತಿರ ಬರುತ್ತವೆ, ಪಾತ್ರೆ ಕುಗ್ಗುತ್ತದೆ. ಬಿಸಿಲಿಗಿಟ್ಟರೆ ಒಂದು ಕಡೆ ಮೊದಲು ಕುಗ್ಗಿ ಇನ್ನೊಂದು ಕಡೆ ಉಳಿದು ಬಿರುಕು ಬೀಳುತ್ತದೆ.

ಕೊನೆಗೆ ಆವಿಗೆ. ಕುಳ್ಳು, ಕಟ್ಟಿಗೆ, ಹುಲ್ಲಿನ ನಡುವೆ ಪಾತ್ರೆಗಳನ್ನು ಜೋಡಿಸಿ ಮೇಲೆ ಬೂದಿ, ಮಣ್ಣಿನ ಹೊದಿಕೆ ಹಾಕುತ್ತಾರೆ. ಬೆಂಕಿ ಮೊದಲು ಮಂದವಾಗಿರಲೇಬೇಕು. ಗೋಡೆಯಲ್ಲಿ ತೇವ ಉಳಿದಿದ್ದರೆ ಅದು ಉಗಿಯಾಗಿ, ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿ, ಪಾತ್ರೆ ಪಟ್ಟೆಂದು ಒಡೆಯುತ್ತದೆ. ಒಳಗಿನ ಗಾಳಿಗುಳ್ಳೆಯಿಂದ ಒಡೆಯುತ್ತದೆ ಎಂಬ ಮಾತು ಎಲ್ಲ ಕಡೆ ಇದೆ, ಆದರೆ ಒಡೆಯುವುದು ತೇವದ ಉಗಿಯಿಂದ. ಗಾಳಿಗುಳ್ಳೆ ಇದ್ದ ಜಾಗ ದುರ್ಬಲವಾಗಿರುವುದರಿಂದ ಅಲ್ಲೇ ಬಾಯಿಬಿಡಬಹುದು, ಅಷ್ಟೇ. ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ ಮಣ್ಣಿನ ಅಣುರಚನೆಯೊಳಗೇ ಸೇರಿಕೊಂಡಿದ್ದ ನೀರು ಹೊರಟು ಹೋಗುತ್ತದೆ. ಅಲ್ಲಿಂದ ಮುಂದೆ ಅದು ಮಣ್ಣಾಗಿ ಉಳಿಯುವುದಿಲ್ಲ. ಹಸಿ ಗಡಿಗೆಯನ್ನು ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ, ಸುಟ್ಟ ಗಡಿಗೆ ಎಂದಿಗೂ ಆಗುವುದಿಲ್ಲ. ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಗಾಳಿ ಸಿಕ್ಕರೆ ಗಡಿಗೆ ಕೆಂಪಾಗುತ್ತದೆ, ಗಾಳಿ ಮುಚ್ಚಿ ಹೊಗೆ ತುಂಬಿದರೆ ಕಪ್ಪಾಗುತ್ತದೆ.

ಸುಟ್ಟ ಮಣ್ಣು ಕರಗುವುದಿಲ್ಲ ಎಂಬ ಕಾರಣಕ್ಕೇ ಇತಿಹಾಸಕಾರರಿಗೆ ಮಡಕೆ ಚೂರು ಇಷ್ಟು ಮುಖ್ಯ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ, ಕೆಳಗಿನ ಪದರಗಳಲ್ಲಿ ಹೆಚ್ಚಾಗಿ ಕೈಯಿಂದ ಮಾಡಿದ ಪಾತ್ರೆಗಳೂ ಮೇಲಿನ ಪದರದಲ್ಲಿ ತಿಗರಿಯಲ್ಲಿ ಮಾಡಿದವೂ ಸಿಕ್ಕವು. ನಮ್ಮ ನಾಡಿಗೆ ತಿಗರಿ ಬಂದ ಕತೆಯನ್ನು ಆ ಚೂರುಗಳೇ ಹೇಳುತ್ತವೆ. ಸುಟ್ಟ ಮಣ್ಣಿನ ಮೇಲೆ ಗಾಜಿನ ಲೇಪ ಕೊಟ್ಟರೆ ಬಣ್ಣ ಎಷ್ಟು ಕಾಲ ನಿಲ್ಲುತ್ತದೆ ಎಂದು ನೋಡಬೇಕಾದರೆ ಬೀದರಿನ ಮಹಮೂದ್ ಗವಾನ್ ಮದ್ರಸಾಕ್ಕೆ ಹೋಗಬೇಕು. 1472ರ ಆ ಕಟ್ಟಡದ ಮುಂಭಾಗದಲ್ಲಿ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಉಳಿದಿವೆ.

ನೀರು ತಣ್ಣಗಾಗುವುದು

ನೀರಿನ ಗಡಿಗೆಗೆ ಮಾತ್ರ ಲೇಪ ಬೇಡ, ರಂಧ್ರಗಳೇ ಬೇಕು. ಬೆರೆಸಿದ ಲದ್ದಿ ಆವಿಗೆಯಲ್ಲಿ ಸುಟ್ಟು ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ನೀರು ಹೊರಮೈಗೆ ಒಸರಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೌಲ್ ಶಾಖ ಬೇಕು, ಅದರ ಬಹುಪಾಲನ್ನು ಗಡಿಗೆಯ ನೀರಿನಿಂದಲೇ ತೆಗೆದುಕೊಳ್ಳುತ್ತದೆ. 5 ಲೀಟರ್ ನೀರಿನಿಂದ 100 ಗ್ರಾಂ ಆವಿಯಾದರೆ, ಹೊರಗಿನ ಶಾಖ ಒಳಬರದಿದ್ದ ಪಕ್ಷದಲ್ಲಿ, ಉಷ್ಣತೆ ಸುಮಾರು 11 ಡಿಗ್ರಿ ಇಳಿಯಬೇಕು. ವಾಸ್ತವದಲ್ಲಿ ಇಳಿಕೆ ಅದಕ್ಕಿಂತ ಕಡಿಮೆ, ಆದರೂ ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಗಂಟಲಿಗೆ ಚೆನ್ನಾಗಿ ಗೊತ್ತಾಗುತ್ತದೆ. ರಮಜಾನ್ ಬೇಸಿಗೆಯಲ್ಲಿ ಬಂದ ವರ್ಷ ಇಫ್ತಾರ್ ಹೊತ್ತಿಗೆ ಮಸೀದಿಯ ಹರವಿಯ ನೀರು ಕುಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕರಾವಳಿಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಅಷ್ಟು ತಣ್ಣಗಾಗುವುದಿಲ್ಲ.

ಕೊಳ್ಳುವವರು ನೆನಪಿಡಬೇಕಾದ್ದು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ಈಗ ಕುಂಬಾರ ಓಣಿಗೆ ಬಂದಿರುವ ಕಷ್ಟ ದೊಣ್ಣೆಯಿಂದಲ್ಲ. ಕೆರೆಯ ಒಳ್ಳೆಯ ಮಣ್ಣು ಸಿಗುವುದು ಕಷ್ಟವಾಗಿದೆ, ಕಟ್ಟಿಗೆ ದುಬಾರಿ, ಮನೆಮನೆಗೆ ಫ್ರಿಜ್ ಮತ್ತು ಪ್ಲಾಸ್ಟಿಕ್ ಕೊಡ ಬಂದಿದೆ. ಕಾಕಾ ಅವರ ಇಬ್ಬರು ಮಕ್ಕಳೂ ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅದರ ಬಗ್ಗೆ ಅವರಿಗೆ ಸಿಟ್ಟಿಲ್ಲ. “ಹೊಟ್ಟಿ ತುಂಬೂದು ಮುಖ್ಯ ತಮ್ಮಾ” ಎನ್ನುತ್ತಾರೆ. ಆದರೆ ಬಾಯಿ ತೆರೆಯುವಾಗ ತಳದಲ್ಲಿ ಎಷ್ಟು ಮಣ್ಣು ಉಳಿದಿದೆ ಎಂದು ದಬ್ಬಣ ಚುಚ್ಚದೆಯೇ ಹೇಳುವ ಆ ಬೆರಳಿನ ತಿಳಿವಳಿಕೆ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಕೈಯಿಂದ ಕೈಗೆ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಲೆ ನಾನು ಬರೆದ ಲೆಕ್ಕಗಳೆಲ್ಲ ಸರಿ ಇದ್ದರೂ ಅವುಗಳಿಂದ ಒಂದು ಹಣತೆಯೂ ಆಗುವುದಿಲ್ಲ. ಹನ್ನೆರಡು ದಿನಗಳ ಕೊನೆಗೆ ನನ್ನ ಕೈಯಿಂದ ಆಗಿದ್ದು ಅಂಗೈ ಅಗಲದ ಒಂದು ಬಟ್ಟಲು. ಅದರ ಹತ್ತು ಪಟ್ಟು ಎತ್ತರದ ಹರವಿಯನ್ನು ಕಾಕಾ ಮಾತಾಡುತ್ತಲೇ ಎತ್ತುತ್ತಾರೆ.

ಬೇಸಿಗೆಗೆ ಗಡಿಗೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಗಂಟೆಯಂತೆ ಟಣ್ ಎಂದರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ಬೊದ್ದು ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕು ಇದೆ ಅಥವಾ ಸರಿಯಾಗಿ ಬೆಂದಿಲ್ಲ. ಹೊಸ ಗಡಿಗೆಗೆ ಒಂದು ದಿನ ನೀರು ತುಂಬಿಟ್ಟು ಆ ನೀರನ್ನು ಚೆಲ್ಲಿ, ಆಮೇಲೆ ಬಳಸಿ. ಒಳಗೆ ಸೋಪು ಹಾಕಬೇಡಿ, ರಂಧ್ರಗಳು ಹೀರಿಕೊಳ್ಳುತ್ತವೆ. ಬೆಲೆ ಕೇಳಿದಾಗ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮುಂಚೆ ತುಳಿದ ಮಣ್ಣು, ತಿರುವಿದ ಕೋಲು, ತಟ್ಟಿದ ಹಲಗೆ, ಕಾದ ಆವಿಗೆ ಇಷ್ಟನ್ನೂ ಒಮ್ಮೆ ಎಣಿಸಿ.

ಕಾಕಾ ಅವರ ಅಂಗಳಕ್ಕೆ ಭಾನುವಾರ ಬೆಳಿಗ್ಗೆ ಯಾರು ಬೇಕಾದರೂ ಹೋಗಬಹುದು, ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹಳೆಯ ಬಟ್ಟೆ ಹಾಕಿಕೊಂಡು, ಉಗುರು ಕತ್ತರಿಸಿಕೊಂಡು ಹೋಗಿ. ಮಣ್ಣಿಗೆ ಉದ್ದ ಉಗುರು ಆಗುವುದಿಲ್ಲ.